ಪಿಕಪ್ ಮುಂದಿನ ಸಸ್ಪೆನ್ಷನ್ ಕಡಿಮೆ ಖರ್ಚಲ್ಲಿ ಎತ್ತರಿಸಬಹುದಾ? ತೋಟದ ದಾರಿಯಲ್ಲಿ ಅಡಿ ತಾಗುತ್ತಿದೆ

ಹೊಳಲ್ಕೆರೆ ಅಡಿಕೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಳಲ್ಕೆರೆ ತಾಲ್ಲೂಕು, ಅಡಿಕೆ ತೋಟ. ಗಾಡಿ ಟಾಟಾ ಕ್ಸೆನಾನ್, ಡಬಲ್ ಕ್ಯಾಬಿನ್, ಬಿಳಿ ಬೋರ್ಡ್. ಫೋರ್ ಬೈ ಫೋರ್ ಅಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗ್ ಬದಲು ತಿರುಚುವ ಕಂಬಿ), ಹಿಂದೆ ಪ್ಲೇಟ್ ಸ್ಪ್ರಿಂಗ್. ಟೈರ್ 235/70 ಆರ್ 16. ಹಳೆ ಮಾಲೀಕರು ಮುಂದೆ ದೊಡ್ಡ ಬುಲ್ ಬಾರ್ ಹಾಕಿಸಿದ್ದರು, ಅದು ಹಾಗೇ ಇದೆ.

ತೋಟಕ್ಕೆ ಹೋಗುವಾಗ ಒಂದು ಹಳ್ಳ ದಾಟಬೇಕು. ಈ ಸಲದ ಮಳೆಗೆ ದಂಡೆ ಕೊರೆದು ನೆಟ್ಟಗೆ ನಿಂತಿದೆ. ಇಳಿಯುವಾಗ ಮುಂದೆ ಧಡ್ ಅಂತ ಹೊಡೆಯುತ್ತದೆ. ವಾಪಸ್ ಬರುವಾಗ ಹಸಿ ಅಡಿಕೆ ಚೀಲ ಹೇರಿರುತ್ತೇವೆ, ಆಗ ಹಿಂದೆಯೂ ಎಲ್ಲೋ ಉಜ್ಜುವ ಸದ್ದು. ಕೊಯ್ಲು ಶುರುವಾದರೆ ದಿನಾ ಇದೇ ದಾರಿ.

ಇಲ್ಲಿ ಒಬ್ಬ ಮೆಕ್ಯಾನಿಕ್ ಟಾರ್ಷನ್ ಬಾರ್ ಬೋಲ್ಟ್ ಟೈಟ್ ಮಾಡಿ ಮುಂದೆ ಎರಡು ಇಂಚು ಎತ್ತಿಕೊಡುತ್ತೇನೆ, 800 ರೂಪಾಯಿ ಕೊಡಿ ಅಂದ. ಇನ್ನೊಬ್ಬರು ಮುಂದೆ ಮಾತ್ರ ಎತ್ತಿದರೆ ಚೆನ್ನಾಗಿ ಕಾಣಲ್ಲ, ಹಿಂದೆಯೂ ಪ್ಲೇಟಿಗೂ ಆಕ್ಸಲ್‌ಗೂ ನಡುವೆ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಹಾಕೋಣ, ಎಲ್ಲಾ ಸೇರಿ 6000 ಅಂದರು. ಹೊರಗಿನಿಂದ ಪೂರ್ತಿ ಕಿಟ್ ತರಿಸುವಷ್ಟು ದುಡ್ಡು ಈ ವರ್ಷ ಇಲ್ಲ. ನಮ್ಮ ಅಪ್ಪಾಜಿ ಕಂಪನಿಯವರು ಮಾಡಿದ್ದನ್ನು ಮುಟ್ಟಲೇಬೇಡ ಅಂತಾರೆ.

800 ರೂಪಾಯಿ ಕೆಲಸ ಮಾಡಿಸಿದರೆ ಜಾಯಿಂಟ್, ಟೈರ್ ಬೇಗ ಹೋಗುತ್ತಾ? ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಇದೆಯಾ? ಮಾಡಿಸಿದವರು, ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಜಗಳೂರು ಥಾರ್ ಉತ್ತರ

ಬ್ರದರ್, ಧೈರ್ಯವಾಗಿ ಮಾಡಿಸಿ. ನನ್ನದು ಹಳೆ ಮಾದರಿ ಥಾರ್, ಅದಕ್ಕೂ ಮುಂದೆ ಟಾರ್ಷನ್ ಬಾರ್. ಎರಡು ಇಂಚಿನ ಹತ್ತಿರ ಎತ್ತಿಸಿದ್ದೇನೆ. ಮುಂದೆ ಎದ್ದು ನಿಂತಿದೆ, ನೋಡಲು ಬಹಳ ಚೆನ್ನಾಗಿದೆ. ನಮ್ಮ ಕಡೆ ಕೆರೆ ಅಂಗಳ, ಬದು ಎಲ್ಲಾ ಹತ್ತಿ ಇಳಿಯುತ್ತೇನೆ. ಸವಾರಿ ಸ್ವಲ್ಪ ಗಡುಸಾಗಿದೆ ಅಷ್ಟೇ. ಹಂಪ್ ಇಳಿಯುವಾಗ ಮುಂದೆ ಒಂದು ಟಕ್ ಅನ್ನೋ ಸದ್ದು ಬರುತ್ತದೆ, ಅದು ಮಾಮೂಲಿ ಅಂತ ಹೇಳಿದರು. ಅಲೈನ್‌ಮೆಂಟ್ ಇನ್ನೂ ಮಾಡಿಸಿಲ್ಲ, ಗಾಡಿ ನೇರವಾಗೇ ಹೋಗುತ್ತಿದೆ.

ಪಿ.ಬಿ. ರಸ್ತೆ ಅಲೈನ್‌ಮೆಂಟ್ ಉತ್ತರ

ಹೊಳಲ್ಕೆರೆ ಅಣ್ಣ, ನಮಸ್ಕಾರ. ನಾನು ದಾವಣಗೆರೆಯಲ್ಲಿ ವೀಲ್ ಅಲೈನ್‌ಮೆಂಟ್ ಮತ್ತು ಮುಂದಿನ ಸಸ್ಪೆನ್ಷನ್ ಕೆಲಸ ಮಾಡುತ್ತೇನೆ. ಕಡಿಮೆ ದುಡ್ಡಲ್ಲಿ ಎತ್ತಿಸಿದ ಗಾಡಿಗಳು ಸ್ವಲ್ಪ ತಿಂಗಳಾದ ಮೇಲೆ ನಮ್ಮ ಪಿಟ್ ಮೇಲೇ ಬಂದು ನಿಲ್ಲುತ್ತವೆ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಕೆಲಸ. ಬೋಲ್ಟ್ ಮುಟ್ಟುವ ಮುಂಚೆ ಯಾವುದು ತಾಗುತ್ತಿದೆ ಅಂತ ಗೊತ್ತು ಮಾಡಿಕೊಳ್ಳಿ. ಸದ್ದು ಮುಂದಿನಿಂದ ಬಂತು ಅಂದ ಮಾತ್ರಕ್ಕೆ ಸಸ್ಪೆನ್ಷನ್ ತಗ್ಗಾಗಿದೆ ಅಂತ ಅಲ್ಲ. ಸುಣ್ಣವನ್ನು ಗಟ್ಟಿಯಾಗಿ ಕಲಸಿ ಬುಲ್ ಬಾರ್‌ನ ಕೆಳಗಿನ ಪೈಪ್, ಮುಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ಪಟ್ಟಿ), ಸೈಲೆನ್ಸರ್ ಪೈಪ್, ಹಿಂದಿನ ಹೌಸಿಂಗ್ (ಆಕ್ಸಲ್ ನಡುವೆ ಗೇರ್ ಇರುವ ಗುಂಡು), ಸ್ಟೆಪ್ನಿ, ಎಲ್ಲದರ ಅಡಿಗೂ ಬಳಿಯಿರಿ. ಒಣಗಲಿ. ಆಮೇಲೆ ಹಳ್ಳ ದಾಟಿ ಬಂದು ಗಾಡಿ ಕೆಳಗೆ ಮಲಗಿ ನೋಡಿ. ಸುಣ್ಣ ಎಲ್ಲಿ ಕಿತ್ತಿದೆಯೋ ಅದೇ ಜಾಗ. ಖಾಲಿ ಗಾಡಿಯಲ್ಲಿ ಒಂದು ಸಲ, ಲೋಡ್ ಇದ್ದಾಗ ಒಂದು ಸಲ ನೋಡಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಿಂದಿನ ಹೌಸಿಂಗ್ ಗುಂಡು ತಾಗುತ್ತಿದ್ದರೆ ನೀವು ಸಸ್ಪೆನ್ಷನ್ ಎಷ್ಟು ಎತ್ತಿದರೂ ಪ್ರಯೋಜನ ಇಲ್ಲ. ಹೌಸಿಂಗ್ ಚಕ್ರದ ಜೊತೆಗೇ ಇರುತ್ತದೆ. ಪ್ಲೇಟಿಗೂ ಆಕ್ಸಲ್‌ಗೂ ನಡುವೆ ಬ್ಲಾಕ್ ಇಟ್ಟರೆ ಚಾಸಿ, ಬಾಡಿ ಮೇಲಕ್ಕೆ ಹೋಗುತ್ತವೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ದೊಡ್ಡ ಟೈರ್ ಮಾತ್ರ. ಎಷ್ಟೋ ಜನ ಬ್ಲಾಕ್ ಹಾಕಿಸಿಕೊಂಡು ಬಂದು "ಆದರೂ ಅಲ್ಲೇ ತಾಗುತ್ತೆ" ಅಂತಾರೆ.

ಇನ್ನು ಟಾರ್ಷನ್ ಬಾರ್ ವಿಷಯ. ಅದು ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡು ಭಾರ ಹೊರುವ ಕಂಬಿ. ಮುಂದಿನ ತುದಿ ಆರ್ಮ್‌ಗೆ (ಚಕ್ರವನ್ನು ಹಿಡಿದಿರುವ ತೋಳು) ಸೇರಿರುತ್ತದೆ, ಹಿಂದಿನ ತುದಿ ಚಾಸಿಯ ಹತ್ತಿರ ಒಂದು ಕೀಗೆ (ಸಣ್ಣ ಲಿವರ್). ಆ ಕೀಯನ್ನು ತಳ್ಳುವ ಬೋಲ್ಟೇ ನಿಮ್ಮ ಮೆಕ್ಯಾನಿಕ್ ಹೇಳಿದ್ದು. ವಯಸ್ಸಾದ ಕಂಬಿ ಸ್ವಲ್ಪ ಕುಗ್ಗುತ್ತದೆ. ಆಗ ಕಂಪನಿ ಹೇಳಿದ ಎತ್ತರಕ್ಕೆ ವಾಪಸ್ ತರಲಿ ಅಂತಲೇ ಆ ಬೋಲ್ಟ್ ಕೊಟ್ಟಿದ್ದಾರೆ. ಆದ್ದರಿಂದ ಅದನ್ನು ಮುಟ್ಟುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅಪ್ಪಾಜಿಯವರಿಗೂ ಇದನ್ನು ತಿಳಿಸಿ. ಕುಗ್ಗಿದ್ದನ್ನು ಸರಿ ಮಾಡುವುದು ರಿಪೇರಿ. ಅದಕ್ಕಿಂತ ಮೇಲಕ್ಕೆ ಎರಡು ಇಂಚು ಎಳೆಯುವುದು ಬೇರೆ ಕೆಲಸ.

ಬೋಲ್ಟ್ ಟೈಟ್ ಮಾಡಿದರೆ ಕಂಬಿ ಗಟ್ಟಿಯಾಗುತ್ತದೆ, ಜಾಸ್ತಿ ಲೋಡ್ ತಡೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಸುಳ್ಳು. ಕಂಬಿಯ ಬಿರುಸು ಅದರ ದಪ್ಪ, ಉದ್ದ ಮತ್ತು ಉಕ್ಕಿನ ಗುಣದಿಂದ ಬರುತ್ತದೆ. ದಪ್ಪ ನೂರಕ್ಕೆ 10 ಜಾಸ್ತಿ ಇದ್ದರೆ ಬಿರುಸು ಸುಮಾರು ನೂರಕ್ಕೆ 46 ಜಾಸ್ತಿ ಆಗುತ್ತದೆ. ಬೋಲ್ಟ್ ತಿರುಗಿಸಿದರೆ ದಪ್ಪ ಬದಲಾಗುತ್ತಾ? ಇಲ್ಲ ಅಲ್ವಾ. ಬದಲಾಗುವುದು ಗಾಡಿ ನಿಲ್ಲುವ ಎತ್ತರ ಮಾತ್ರ.

ಹಾಗಾದರೆ ಸವಾರಿ ಯಾಕೆ ಗಡುಸಾಗುತ್ತದೆ? ಚಕ್ರಕ್ಕೆ ಮೇಲೇಳಲು ಒಂದಿಷ್ಟು ಜಾಗ, ಕೆಳಗಿಳಿಯಲು ಒಂದಿಷ್ಟು ಜಾಗ ಇರುತ್ತದೆ. ಕೆಳಗಿಳಿಯಲು ಎಂಟು ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಐದು ಸೆಂಟಿಮೀಟರ್ ಎತ್ತಿದರೆ ಉಳಿಯುವುದು ಮೂರು. ಗುಂಡಿ ಬಂದಾಗ ಚಕ್ರ ಮೂರು ಸೆಂಟಿಮೀಟರ್ ಇಳಿದು ಅಲ್ಲೇ ಸ್ಟಾಪ್‌ಗೆ ಬಡಿಯುತ್ತದೆ. ಜಗಳೂರಿನವರೇ, ನಿಮಗೆ ಹಂಪ್ ಇಳಿಯುವಾಗ ಬರುವ ಟಕ್ ಸದ್ದು ಬಹುಪಾಲು ಇದೇ. ಮೇಲಿನ ಆರ್ಮ್ ರಬ್ಬರ್ ಸ್ಟಾಪ್‌ಗೆ ಹೊಡೆಯುತ್ತಿದೆ, ಇಲ್ಲಾ ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದು ನಿಂತು ಜಗ್ಗುತ್ತಿದೆ. ಶಾಕ್ ಇರುವುದು ಕುಣಿತ ತಡೆಯಲು, ಚಕ್ರವನ್ನು ನೇತು ಹಾಕಿಕೊಳ್ಳಲು ಅಲ್ಲ. ದಿನಾ ಹೀಗೆ ಜಗ್ಗಿದರೆ ಮೇಲಿನ ಬುಷ್ ಹರಿದು ರಾಡ್ ತುದಿಯ ಬಳೆ ಕಿತ್ತುಬರುತ್ತದೆ. ಮಾಮೂಲಿ ಅಂತ ಸುಮ್ನೆ ಬಿಡಬೇಡಿ, ಒಂದು ಸಲ ತೋರಿಸಿ. ನಿಮ್ಮದು ಫೋರ್ ಬೈ ಫೋರ್ ಆಗಿದ್ದರೆ ಮುಂದಿನ ಡ್ರೈವ್ ಶಾಫ್ಟ್ ರಬ್ಬರ್ ಬೂಟನ್ನೂ ನೋಡಿಸಿ. ಆರ್ಮ್ ಕೆಳಗೆ ಬಾಗಿದಷ್ಟೂ ಶಾಫ್ಟ್ ಜಾಯಿಂಟ್ ಹೆಚ್ಚು ಕೋನದಲ್ಲಿ ತಿರುಗುತ್ತದೆ, ಬೂಟಿನ ಮಡಿಕೆ ಒಂದಕ್ಕೊಂದು ಉಜ್ಜಿ ಸೀಳುತ್ತದೆ. ಗ್ರೀಸ್ ಹೊರಗೆ ಬಂದು ಧೂಳು ಒಳಗೆ ಹೋಯಿತೆಂದರೆ ಜಾಯಿಂಟ್ ಕಥೆ ಮುಗಿಯಿತು.

ಬಾಲ್ ಜಾಯಿಂಟ್‌ಗೂ (ಆರ್ಮ್ ತುದಿಯಲ್ಲಿ ಚಕ್ರದ ಕಡೆಗೆ ಇರುವ ಕೀಲು) ಇದೇ ಮಾತು. ಒಂದು ಕಡೆಗೆ ವಾಲಿಕೊಂಡೇ ಕೆಲಸ ಮಾಡುತ್ತದೆ, ಬೂಟ್ ಎಳೆದುಕೊಂಡಿರುತ್ತದೆ. ನಿಮ್ಮ ಕಡೆ ಅದಿರು ಲಾರಿ ಓಡಾಡುವ ರಸ್ತೆಗಳ ಕೆಂಪು ಧೂಳು ಎಷ್ಟು ನಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಟೈರ್. ಮುಂದೆ ಎತ್ತಿದ ತಕ್ಷಣ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ಹೊರಕ್ಕೆ ವಾಲುವುದು), ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಚ್ಚು ಹಿಂದೆ ಮುಂದೆ ವಾಲುವುದು), ಟೋ (ಚಕ್ರದ ಮುಂಭಾಗ ಒಳಕ್ಕೆ ಹೊರಕ್ಕೆ ತಿರುಗಿರುವುದು) ಮೂರೂ ಬದಲಾಗುತ್ತವೆ. ಟೋ ಬೇಗ ಟೈರ್ ತಿನ್ನುತ್ತದೆ. ಗಾಡಿ ನೇರವಾಗಿ ಹೋಗುತ್ತಿದ್ದರೂ ಟೋ ಕೆಟ್ಟಿರಬಹುದು, ಯಾಕೆಂದರೆ ಎರಡೂ ಚಕ್ರ ಸಮವಾಗಿ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಎಳೆತ ಗೊತ್ತಾಗುವುದಿಲ್ಲ. ಕಣ್ಣಿಗೂ ಮೊದಮೊದಲು ಕಾಣುವುದಿಲ್ಲ. ಅಂಗೈಗೆ ಗೊತ್ತಾಗುತ್ತದೆ. ಟೈರಿನ ಬಟನ್ (ನೆಲಕ್ಕೆ ತಾಗುವ ಕಚ್ಚು) ಮೇಲೆ ಅಂಗೈಯನ್ನು ಅಡ್ಡಕ್ಕೆ, ಒಳಗಿನಿಂದ ಹೊರಗೆ ಸವರಿ. ಆಮೇಲೆ ಹೊರಗಿನಿಂದ ಒಳಗೆ ಸವರಿ. ಒಂದು ಕಡೆ ನುಣ್ಣಗೆ ಜಾರಿ, ಇನ್ನೊಂದು ಕಡೆ ಪ್ರತಿ ಸಾಲಿನ ಅಂಚೂ ಬೆರಳಿಗೆ ತಡೆದರೆ ಟೋ ಸರಿಯಿಲ್ಲ ಅಂತ ಅರ್ಥ. ಹೋದ ತಿಂಗಳು ಹರಿಹರದ ಕಡೆಯಿಂದ ಒಂದು ಪಿಕಪ್ ಬಂದಿತ್ತು. ಬೇರೆ ಕಡೆ ಎತ್ತಿಸಿ, ಅಲೈನ್‌ಮೆಂಟ್ ಮಾಡಿಸದೆ ಮೆಕ್ಕೆಜೋಳದ ಸೀಸನ್ ಪೂರ್ತಿ ಓಡಿಸಿದ್ದರು. ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳ ಅಂಚು ತೋರಿಸಿದೆ, ದಾರ ಕಾಣುತ್ತಿತ್ತು. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಎರಡು ಟೈರಿಗೆ ಹೋಯಿತು.

ಹೆಡ್‌ಲೈಟ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ನನಗೆ ಅದೇ ಜಾಸ್ತಿ ಚಿಂತೆ. ನಿಮ್ಮ ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮೂರು ಮೀಟರ್ ಚಿಲ್ಲರೆ ಅಂತರ. ಮುಂದೆ ಮಾತ್ರ ಐದು ಸೆಂಟಿಮೀಟರ್ ಎತ್ತಿದರೆ ಬೆಳಕು 10 ಮೀಟರ್ ದೂರದಲ್ಲಿ ಸುಮಾರು 16 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ, 100 ಮೀಟರ್ ದೂರದಲ್ಲಿ ಒಂದೂವರೆ ಮೀಟರಿಗಿಂತ ಜಾಸ್ತಿ. ಅಂದರೆ ನೀವು ಡಿಮ್ ಹಾಕಿದ್ದೇನೆ ಅಂದುಕೊಂಡಿರುತ್ತೀರಿ, ಎದುರಿಗೆ ಬೈಕಲ್ಲಿ ಬರುವವನ ಕಣ್ಣಿಗೆ ನೇರ ಬೆಳಕು. ಹಿಂದೆ ಲೋಡ್ ಬಿದ್ದರೆ ಮುಂಭಾಗ ಇನ್ನೂ ಏಳುತ್ತದೆ. ಚಿತ್ರದುರ್ಗ–ಶಿವಮೊಗ್ಗ ಹೆದ್ದಾರಿಯಲ್ಲಿ ರಾತ್ರಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಟಿವಿಎಸ್‌ನಲ್ಲಿ ಬರುವವರು ಎಷ್ಟು ಜನ ಇರುತ್ತಾರೆ, ನೀವೇ ನೋಡಿದ್ದೀರಿ. ಲಿಫ್ಟ್ ಮಾಡಿದವರು ಹೆಡ್‌ಲೈಟ್ ಇಳಿಸದೆ ಗಾಡಿ ಕೊಟ್ಟರೆ ಕೆಲಸ ಅರ್ಧ ಮಾಡಿದ ಹಾಗೆ ಅಂತಲೇ ನಾನು ಹೇಳುವುದು.

ಹಿಂದೆ ಬ್ಲಾಕ್ ಇಡುವ ವಿಚಾರವನ್ನು ಸದ್ಯಕ್ಕೆ ಬಿಟ್ಟುಬಿಡಿ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಲಿವರ್ ಇರುತ್ತದೆ, ಬ್ರೇಕ್ ವಾಲ್ವಿನದು. ಲೋಡ್ ಬಿದ್ದು ಚಾಸಿ ತಗ್ಗಿದರೆ ಅದು ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡುತ್ತದೆ, ಖಾಲಿ ಇದ್ದಾಗ ಕಡಿಮೆ. ಬ್ಲಾಕ್ ಇಟ್ಟು ಚಾಸಿ ಎತ್ತಿದರೆ ಆ ವಾಲ್ವಿಗೆ ಗಾಡಿ ಯಾವಾಗಲೂ ಖಾಲಿ ಅಂತಲೇ ಲೆಕ್ಕ. ಲೋಡ್ ಹೊತ್ತಾಗ ಹಿಂದಿನ ಬ್ರೇಕ್ ಬೇಕಾದಷ್ಟು ಹಿಡಿಯುವುದಿಲ್ಲ. ಲಿವರ್ ಸರಿ ಹೊಂದಿಸದೆ ಬ್ಲಾಕ್ ಹಾಕುವವರ ಹತ್ತಿರ ಗಾಡಿ ಬಿಡಬೇಡಿ.

ಕಾನೂನು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯ ಮಾರ್ಪಾಡಿನ ಬಗ್ಗೆ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿ ಇಲ್ಲದೆ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲಾ ಎರಡೂ. ನಿಮ್ಮ ಬುಲ್ ಬಾರ್ ಬಗ್ಗೆಯೂ ಹೇಳಬೇಕು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಯಾರಾದರೂ ಅಡ್ಡ ಬಂದರೆ ಅವರಿಗೆ ಪೆಟ್ಟು ಜಾಸ್ತಿ, ಒಳಗಿರುವವರಿಗೂ ಅಪಾಯ. ಅಷ್ಟು ಕಬ್ಬಿಣ ಮುಂದಿನ ಚಕ್ರಕ್ಕಿಂತಲೂ ಮುಂದೆ ನೇತಾಡುತ್ತಿದೆ. ಅದನ್ನು ಬಿಚ್ಚಿದರೆ ಬೋಲ್ಟ್ ಮುಟ್ಟದೆಯೇ ಮುಂಭಾಗ ಸ್ವಲ್ಪ ಏಳುತ್ತದೆ. ಇಳಿಜಾರಲ್ಲಿ ಮೊದಲು ನೆಲಕ್ಕೆ ತಾಗುವುದು ಅದರ ಕೆಳಗಿನ ಪೈಪೇ ಇರಬಹುದು.

ಸುಣ್ಣದ ಪರೀಕ್ಷೆ ಮಾಡಿ. ಆಮೇಲೆ ಸಮ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಕಡೆ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ತೆಗೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ, ಸವೆತ ಲೆಕ್ಕ ತಪ್ಪಿಸುತ್ತವೆ. ಅಳತೆ ಇಲ್ಲಿ ಹಾಕಿ, ಮುಂದಿನದು ಮಾತಾಡೋಣ.

ಚಳ್ಳಕೆರೆ ಲೋಡ್ ಗಾಡಿ ಉತ್ತರ

ಮೇಲೆ ಬರೆದ ಅಣ್ಣನಿಗೆ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮುಂದೆಯೂ ಪ್ಲೇಟ್ ಇರುವ ಗಾಡಿಯವರೂ ಇದನ್ನು ಓದುತ್ತಾರೆ, ಅವರಿಗಾಗಿ ನಾನು ನಾಲ್ಕು ಮಾತು ಸೇರಿಸುತ್ತೇನೆ. ನಾನು ಹಳದಿ ಬೋರ್ಡ್ ಗಾಡಿ ಓಡಿಸುವವನು. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬೆಂಗಳೂರು ಯಶವಂತಪುರಕ್ಕೆ ಈರುಳ್ಳಿ ಹೊಡೆಯುತ್ತೇನೆ.

ನಮ್ಮಲ್ಲಿ ಕಡಿಮೆ ಖರ್ಚಿನ ದಾರಿ ಅಂದರೆ ಪ್ಲೇಟ್ ಬಿಚ್ಚಿ ಬಾಗು ಹೊಡೆಸುವುದು. ಸುತ್ತಿಗೆಯಲ್ಲಿ ತಣ್ಣಗೇ ಹೊಡೆದು ಬಾಗು ಕೊಡುವವರು ಇದ್ದಾರೆ. ಸ್ವಲ್ಪ ದಿನ ನಿಲ್ಲುತ್ತದೆ, ಲೋಡ್ ಬಿದ್ದು ಬಿದ್ದು ಮತ್ತೆ ಚಪ್ಪಟೆ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸುವವರ ಹತ್ತಿರ ಮಾತ್ರ ಹೋಗಬೇಡಿ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ. ಆಮೇಲೆ ಒಂದೋ ಬೇಗ ಕುಗ್ಗುತ್ತದೆ, ಇಲ್ಲಾ ಅಲ್ಲೇ ಮುರಿಯುತ್ತದೆ. ಮೇನ್ ಪ್ಲೇಟ್ ಮುರಿದರೆ ಆಕ್ಸಲ್ ಹಿಂದೆ ಸರಿದು ಸ್ಟೀರಿಂಗ್ ಕೈ ಬಿಡುತ್ತದೆ.

ಇನ್ನೊಂದು, ಉದ್ದದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ). ಎರಡು ಇಂಚು ಉದ್ದ ಮಾಡಿದರೆ ಗಾಡಿ ಎರಡು ಇಂಚು ಏಳುತ್ತದೆ ಅಂತ ಹೇಳಿ ಹಾಕುತ್ತಾರೆ. ಏಳುವುದು ಸುಮಾರು ಒಂದೇ ಇಂಚು, ಯಾಕೆಂದರೆ ಪ್ಲೇಟಿನ ಒಂದು ತುದಿ ಮಾತ್ರ ಇಳಿಯುತ್ತದೆ, ಆಕ್ಸಲ್ ನಡುವಲ್ಲಿದೆ. ಅದರ ಜೊತೆ ಆಕ್ಸಲ್ ತಿರುಗುತ್ತದೆ, ಕ್ಯಾಸ್ಟರ್ ಬದಲಾಗುತ್ತದೆ. ಶ್ಯಾಕಲ್ ಮುಂದಿನ ತುದಿಯಲ್ಲಿ ಇರುವ ಹಳೆ ಜೀಪ್ ಥರದ ಗಾಡಿಗಳಲ್ಲಿ ಕ್ಯಾಸ್ಟರ್ ಕಡಿಮೆಯಾಗಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ. ಹೈವೇಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ. ಪ್ಲೇಟಿಗೂ ಆಕ್ಸಲ್‌ಗೂ ನಡುವೆ ಓರೆ ಬೆಣೆ ಕೊಟ್ಟು ಅದನ್ನು ಸರಿ ಮಾಡಬೇಕು, ಅದನ್ನು ಬಲ್ಲವರೇ ಮಾಡಬೇಕು. ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಕೋನವೂ ಬದಲಾಗಿ ನೇರ ಇದ್ದ ಸ್ಟೀರಿಂಗ್ ಸೊಟ್ಟ ನಿಲ್ಲುತ್ತದೆ.

ಮುಂದಿನ ಆಕ್ಸಲ್‌ಗೆ ಬ್ಲಾಕ್ ಯಾವ ಕಾರಣಕ್ಕೂ ಇಡಬೇಡಿ. ಬ್ರೇಕ್ ಒತ್ತಿದಾಗ ಮುಂದಿನ ಆಕ್ಸಲ್ ತಿರುಗಲು ನೋಡುತ್ತದೆ, ಎತ್ತರದ ಬ್ಲಾಕ್ ಇದ್ದರೆ ಆ ತಿರುಚು ಪ್ಲೇಟಿಗೆ ಇನ್ನೂ ಜಾಸ್ತಿ. ಬ್ಲಾಕ್ ಜಾರಿದರೆ ಮುಗಿಯಿತು.

ನಮ್ಮಂಥ ಹಳದಿ ಬೋರ್ಡಿನವರು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಅಲ್ಲಿ ಹೆಡ್‌ಲೈಟ್, ಬ್ರೇಕ್, ಸಸ್ಪೆನ್ಷನ್ ಎಲ್ಲಾ ನೋಡುತ್ತಾರೆ. ಎಫ್‌ಸಿ ಹಿಂದಿನ ದಿನ ಇಳಿಸಿ ಮಾರನೇ ದಿನ ಏರಿಸುವವರನ್ನೂ ನೋಡಿದ್ದೇನೆ. ಬೋಲ್ಟ್, ಬುಷ್ ಎರಡಕ್ಕೂ ಅದು ಒಳ್ಳೆಯದಲ್ಲ.

ಮತ್ತೆ ಹೊಳಲ್ಕೆರೆ ಅಣ್ಣ, ಆ ಹಳ್ಳದ ದಂಡೆಗೆ ಎರಡು ಟ್ರ್ಯಾಕ್ಟರ್ ಗರಸು ಹಾಕಿಸಿ ಇಳಿಜಾರು ಮಾಡಿಸಲು ಆಗಲ್ವಾ? ಅಕ್ಕಪಕ್ಕದ ತೋಟದವರೂ ಅದೇ ದಾರಿಯಲ್ಲಿ ಬರುತ್ತಾರಲ್ವಾ, ಸೇರಿಕೊಂಡರೆ ತಲಾ ಖರ್ಚು ಏನೂ ಅಲ್ಲ.

ಹೊಳಲ್ಕೆರೆ ಅಡಿಕೆ ಉತ್ತರ

ಎಲ್ಲರಿಗೂ ತುಂಬಾ ಧನ್ಯವಾದ. ಸುಣ್ಣ ಬಳಿದು ನೋಡಿದೆವು, ತಮ್ಮ ಓಡಿಸಿದ, ನಾನು ಹಳ್ಳದಲ್ಲೇ ನಿಂತು ನೋಡಿದೆ.

ಖಾಲಿ ಗಾಡಿಯಲ್ಲಿ ಇಳಿಯುವಾಗ ಬುಲ್ ಬಾರ್‌ನ ಕೆಳಗಿನ ಪೈಪ್ ದಂಡೆಯ ಕಲ್ಲಿಗೆ ಹೊಡೆಯಿತು. ಅಲ್ಲಿ ಸುಣ್ಣದ ಜೊತೆ ಪೇಂಟೂ ಕಿತ್ತಿದೆ, ಪೈಪ್ ಒಳಕ್ಕೆ ಬಗ್ಗಿದೆ. ಕ್ರಾಸ್ ಮೆಂಬರ್ ಮೇಲೆ ಸುಣ್ಣ ಹಾಗೇ ಇತ್ತು, ಒಂದು ಗೀರೂ ಇಲ್ಲ. ಚೀಲ ಹೇರಿ ಬರುವಾಗ ಹಿಂದೆ ಹೌಸಿಂಗ್ ಗುಂಡಿನ ಕೆಳಭಾಗ ಮತ್ತು ಸ್ಟೆಪ್ನಿ ಉಜ್ಜಿದೆ. ನಾವು ಇಷ್ಟು ದಿನ ಮುಂದಿನ ಸಸ್ಪೆನ್ಷನ್ನೇ ತಾಗುತ್ತಿದೆ ಅಂದುಕೊಂಡಿದ್ದೆವು.

ಅಳತೆ: ಎಡಗಡೆ 49.5 ಸೆಂಟಿಮೀಟರ್, ಬಲಗಡೆ 48. ಎಡ ಬಲ ಯಾಕೆ ಬೇರೆ? ಬಲಗಡೆ ಬೋಲ್ಟ್ ತುಕ್ಕು ಹಿಡಿದಿದೆ, ಯಾರೂ ಮುಟ್ಟಿದ ಹಾಗೆ ಕಾಣಲ್ಲ. ಹಿಂದೆ ಆ ಬ್ರೇಕ್ ಲಿವರ್ ಇದೆ, ನೋಡಿದೆ. ಟೈರ್ ಮುಂದಿನವು ಅರ್ಧ ಸವೆದಿವೆ. ದೊಡ್ಡ ಟೈರ್ ಹಾಕಿದರೆ ಎಷ್ಟು ಏಳುತ್ತದೆ?

ಗರಸಿನ ಮಾತು ಪಕ್ಕದ ತೋಟದವರ ಹತ್ತಿರ ತೆಗೆದಿದ್ದೇನೆ. ಇಬ್ಬರು ಒಪ್ಪಿದ್ದಾರೆ.

ಪಿ.ಬಿ. ರಸ್ತೆ ಅಲೈನ್‌ಮೆಂಟ್ ಉತ್ತರ

ಬಹಳ ಚೆನ್ನಾಗಿ ನೋಡಿದ್ದೀರಿ ಅಣ್ಣ. ಹಾಗಾದರೆ ಎರಡು ಇಂಚಿನ ಲಿಫ್ಟ್ ನಿಮಗೆ ಬೇಕಾಗಿಲ್ಲ. ಬುಲ್ ಬಾರ್ ಬಿಚ್ಚಿಸಿ. ಅದು ಹೋದರೆ ಗಾಡಿಯ ಮುಂಭಾಗ ದಂಡೆಗೆ ಸಿಗುವ ಕೋನವೇ ಬದಲಾಗುತ್ತದೆ, ಭಾರವೂ ಇಳಿಯುತ್ತದೆ.

ಬಲಗಡೆ ತಗ್ಗಾಗುವುದು ಸಾಮಾನ್ಯ. ಡ್ರೈವರ್ ಒಬ್ಬನೇ ಕೂತು ಓಡಿಸುವ ಗಾಡಿಗಳಲ್ಲಿ ವರ್ಷಗಟ್ಟಲೆ ಆ ಕಡೆ ಭಾರ ಜಾಸ್ತಿ. ಆದರೆ ಬೋಲ್ಟ್ ಮುಟ್ಟುವ ಮುಂಚೆ ಕೆಳಗಿನ ಆರ್ಮ್ ಬುಷ್ ಹೋಗಿದೆಯಾ, ಹಿಂದೆ ಬಲಗಡೆ ಪ್ಲೇಟ್ ಯಾವುದಾದರೂ ಮುರಿದಿದೆಯಾ ನೋಡಿಸಿ. ಹಿಂದೆ ಒಂದು ಕಡೆ ಕುಗ್ಗಿದ್ದರೆ ಮುಂದೆಯೂ ಅದೇ ಕಡೆ ವಾಲಿ ಕಾಣುತ್ತದೆ. ಅದೆಲ್ಲಾ ಸರಿ ಇದ್ದರೆ ಬುಲ್ ಬಾರ್ ಬಿಚ್ಚಿದ ಮೇಲೆ ಮತ್ತೆ ಅಳೆದು, ಆಮೇಲೆ ಬೋಲ್ಟ್.

ಬೋಲ್ಟ್ ಕೆಲಸ ಮಾಡುವಾಗ ನೀವು ಎದುರಿಗೇ ಇರಿ. ಹಿಂದಿನ ರಾತ್ರಿಯೇ ತುಕ್ಕಿಗೆ ಎಣ್ಣೆ ಬಿಟ್ಟಿರಬೇಕು. ಮುಂದಿನ ಎರಡೂ ಚಕ್ರ ನೇತಾಡುವಂತೆ ಎತ್ತಿ, ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟಿರಬೇಕು. ಜ್ಯಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಹೋಗಬಾರದು. ಭಾರ ಚಕ್ರದ ಮೇಲಿರುವಾಗಲೇ ತಿರುಗಿಸಿದರೆ ಎಳೆ ಕಿತ್ತುಬರುತ್ತದೆ. ಬೋಲ್ಟ್ ಮೊದಲು ಎಷ್ಟು ಹೊರಗಿತ್ತು ಅಂತ ಪೇಂಟ್ ಗುರುತು ಹಾಕಿ. ಬಲಗಡೆ ಒಂದೆರಡು ಸುತ್ತು ಕೊಟ್ಟು, ಇಳಿಸಿ, ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬಂದು ಅಳೆಯಿರಿ. ಇಳಿಸಿದ ತಕ್ಷಣ ಅಳೆದರೆ ಚಕ್ರ ಇನ್ನೂ ಒಳಕ್ಕೆ ಎಳೆದುಕೊಂಡಿರುತ್ತದೆ, ಎತ್ತರ ಸುಳ್ಳು ಹೇಳುತ್ತದೆ. ಮೊದಲು ಬಲವನ್ನು ಎಡಕ್ಕೆ ಸಮ ತನ್ನಿ. ಅದಕ್ಕಿಂತ ಮೇಲೆ ಹೋಗಬೇಕಾದರೆ ಮಾದರಿಗೆ ಕಂಪನಿ ಹೇಳಿದ ಎತ್ತರ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಅಲ್ಲಿಗೆ ನಿಲ್ಲಿಸಿ. ಕೊನೆಗೆ ಅಲೈನ್‌ಮೆಂಟ್, ಹೆಡ್‌ಲೈಟ್.

ಟೈರ್ ಲೆಕ್ಕ ಹೇಳುತ್ತೇನೆ. 235/70 ಆರ್ 16 ಟೈರಿನ ಎತ್ತರ ಸುಮಾರು 735 ಮಿಲಿಮೀಟರ್. 245/75 ಆರ್ 16 ಹಾಕಿದರೆ 774. ಎರಡರ ವ್ಯತ್ಯಾಸದ ಅರ್ಧ ಮಾತ್ರ ನೆಲದಿಂದ ಏಳುತ್ತದೆ, ಅಂದರೆ 19 ಮಿಲಿಮೀಟರ್. ಕೇಳಲು ಕಡಿಮೆ. ಆದರೆ ಇದು ಹೌಸಿಂಗ್ ಗುಂಡಿಗೂ ಸಿಗುವ ಎತ್ತರ. ಸ್ಪೀಡೋಮೀಟರ್ 80 ತೋರಿಸುವಾಗ ಟೈರಿನ ಲೆಕ್ಕಕ್ಕೆ ನೀವು 84ರಲ್ಲಿ ಇರುತ್ತೀರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಮಡ್‌ಗಾರ್ಡಿಗೆ ಉಜ್ಜುತ್ತದಾ ಅಂತ ಒಂದು ಚಕ್ರ ಹಾಕಿ ನೋಡಿಯೇ ತಗೊಳ್ಳಿ. ಅದೂ ಮಾರ್ಪಾಡೇ, ಹಾಗಾಗಿ ನಿಮ್ಮ ಮಾದರಿಗೆ ಕಂಪನಿ ಒಪ್ಪಿದ ಅಳತೆಯಾ ಅಂತ ಮೊದಲು ಕೇಳಿ. ಈಗಿರುವ ಟೈರ್ ಅರ್ಧ ಇದೆ ಅಂದಿರಿ, ಅದನ್ನು ಬಿಸಾಡಿ ಹೊಸದು ಹಾಕಬೇಡಿ. ಗರಸು ಬಿದ್ದರೆ ಅದೂ ಬೇಕಾಗದೇ ಇರಬಹುದು.

ಸ್ಟೆಪ್ನಿ ಉಜ್ಜುವುದಕ್ಕೆ ಅದನ್ನು ಕೊಯ್ಲು ಮುಗಿಯುವವರೆಗೆ ಮೇಲೆ ತೊಟ್ಟಿಯಲ್ಲಿ ಹಾಕಿಕೊಳ್ಳಿ. ಲೋಡ್ ಇದ್ದಾಗ ಹಳ್ಳವನ್ನು ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಇಳಿಯುವ ಹಾಗೆ ನಿಧಾನ ದಾಟಿ. ಗುಂಡಿಗೆ ಕಲ್ಲು ಸಿಗುವುದು ಕಡಿಮೆಯಾಗುತ್ತದೆ.

ಜಗಳೂರು ಥಾರ್ ಉತ್ತರ

ಅಣ್ಣ, ನನ್ನದೂ ಒಂದು ಪ್ರಶ್ನೆ. ಹೆಡ್‌ಲೈಟ್ ಮನೆಯಲ್ಲೇ ನೋಡಿಕೊಳ್ಳಬಹುದಾ? ಎದುರಿನವರು ನನಗೆ ಡಿಪ್ಪರ್ ಹೊಡೆಯುತ್ತಲೇ ಇರುತ್ತಾರೆ, ನಾನು ಬಲ್ಬ್ ಜೋರಿದೆ ಅಂದುಕೊಂಡಿದ್ದೆ.

ಪಿ.ಬಿ. ರಸ್ತೆ ಅಲೈನ್‌ಮೆಂಟ್ ಉತ್ತರ

ನೋಡಬಹುದು. ಸಮ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ ಇರಲಿ, ಸೀಟಲ್ಲಿ ಒಬ್ಬರು ಕೂತಿರಲಿ. ನೆಲದಿಂದ ಹೆಡ್‌ಲೈಟ್ ನಡುವಿನವರೆಗೆ ಅಳೆದು ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಒಂದು ಗೆರೆ ಹಾಕಿ. ಡಿಮ್ ಹಾಕಿದಾಗ ಬೆಳಕಿನ ಮೇಲಿನ ಅಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಗೆರೆಗಿಂತ ಮೇಲಿದ್ದರೆ ಇವತ್ತೇ ಲ್ಯಾಂಪ್ ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಿ. ನಿಮ್ಮ ಥಾರ್ ಕ್ಸೆನಾನ್‌ಗಿಂತ ಚಿಕ್ಕದು, ಅಷ್ಟೇ ಎತ್ತಿದರೂ ಬೆಳಕು ಇನ್ನೂ ಜಾಸ್ತಿ ಏಳುತ್ತದೆ. ಎದುರಿನವರು ಡಿಪ್ಪರ್ ಹೊಡೆಯುತ್ತಿರುವುದು ಅದಕ್ಕೇ.

ಆ ಟಕ್ ಸದ್ದನ್ನೂ ಬಿಡಬೇಡಿ. ಜಗಳೂರಿನಿಂದ ದಾವಣಗೆರೆಗೆ ಬಂದಾಗ ಗಾಡಿ ತನ್ನಿ. ಬೋಲ್ಟ್ ಸ್ವಲ್ಪ ವಾಪಸ್ ಬಿಟ್ಟು, ಆರ್ಮ್‌ಗೂ ಸ್ಟಾಪ್‌ಗೂ ನಡುವೆ ಜಾಗ ಕೊಟ್ಟು, ಟೋ ಸರಿ ಮಾಡಿಕೊಡುತ್ತೇನೆ. ಬರುವ ಮುಂಚೆ ಮುಂದಿನ ಟೈರಿನ ಮೇಲೆ ಅಂಗೈ ಸವರಿ ನೋಡಿ, ಯಾವ ಕಡೆಗೆ ತಡೆಯುತ್ತದೆ ಅಂತ ಹೇಳಿ.